ಇಸ್ತ್ರಿ ಮೇಜಿನ ಮೇಲಿನ ಡಬ್ಬಿ

ಟೈಲರ್ ಮಾಸ್ಟರನದು ಒಂದೇ ಅಂಗಡಿ, ಒಳಗೆ ಎರಡು ಋತು. ಬಾಗಿಲ ಬಳಿ ನಿಂತ ಗಿರಾಕಿ ರಸೀದಿಯಲ್ಲಿ ಗಾಳಿ ಬೀಸಿಕೊಂಡು “ಉಸ್ಸಪ್ಪಾ” ಅನ್ನುತ್ತಿದ್ದ. ಅಳತೆ ಕೊಡಲು ಒಳಗೆ ಬಂದವನು “ಹುಹುಹು” ಎಂದು ಹಲ್ಲು ಕಟಕಟಿಸುತ್ತಿದ್ದ. ಮೂಲೆಯಲ್ಲಿ ಹೊಲಿಯುವ ಮಾಸ್ಟರನ ಅತ್ತಿಗೆಯಂತೂ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಗೊಣಗಾಟ ಹೊದ್ದು ಕೂತಿರುತ್ತಿದ್ದರು.

ಆ ಬೆಳಿಗ್ಗೆ ಮೂರನೆಯ ಅಂಗಿ ವಾಪಸು ಬಂತು. ಮೊದಲಿನೆರಡರಂತೆ ಇದೂ ಹೆಗಲಲ್ಲಿ ಬಿಗಿ. ತಂದವನು ಬಸ್ ಕಂಡಕ್ಟರ್.

“ಕೈ ಎತ್ತಿ ಟಿಕೆಟ್ ಹರಿಯೋಕೆ ಹೋದ್ರೆ ಅಂಗೀನೇ ಹರಿಯುತ್ತೆ ಮಾಸ್ಟರ್! ಇದು ಸರಿಯಾಗೋವರೆಗೂ ನಾನು ಇಲ್ಲಿಂದ ಏಳಲ್ಲ,” ಎಂದು ಅವನು ಸ್ಟೂಲಿನ ಮೇಲೆ ಕೂತುಬಿಟ್ಟ.

ಮಾಸ್ಟರಿಗೆ ರೇಗಿತು. “ಏನತ್ತಿಗೆ, ಇಪ್ಪತ್ತು ವರ್ಷ ಪಳಗಿದ ಕೈ ಈಗ ಕೈಕೊಡ್ತಾ?”

ಅತ್ತಿಗೆಯ ಸೂಜಿ ನಿಂತಿತು. “ನೀನು ಚೀಟೀಲಿ ಬರೆದುಕೊಟ್ಟ ಅಳತೇನೇ ನಾನು ಹೊಲಿದಿದ್ದು. ನಂಬಿಕೆ ಇಲ್ಲ ಅಂದ್ಮೇಲೆ ಬೇಡ ಬಿಡಪ್ಪ. ಈ ಚಳೀಲಿ ಬೆರಳು ಬೇರೆ ಮರಗಟ್ಟಿದೆ. ಕೈಯಲ್ಲಿರೋದು ಮುಗಿಸಿ ಸಂಜೆ ಹೊರಡ್ತೀನಿ. ನಾಳೆಯಿಂದ ಬರಲ್ಲ.”

ಅತ್ತಿಗೆಯಿಲ್ಲದ ಅಂಗಡಿ ದಾರವಿಲ್ಲದ ಸೂಜಿಯ ಹಾಗೆ, ಚುಚ್ಚಬಲ್ಲದು, ಹೊಲಿಯಲಾರದು. ಆದರೆ ಆಡಿದ ಮಾತನ್ನು ಬಿಚ್ಚಿ ಮತ್ತೆ ಹೊಲಿಯುವುದು ಮಾಸ್ಟರಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವನೇ ಫೋನ್ ಮಾಡಿ ಕರೆಸಿದ್ದ ಏಸಿ ಮೆಕ್ಯಾನಿಕ್ ಬಂದಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ತಂಪಕ್ಕ ಎಂದೇ.

“ತಂಪಕ್ಕ, ಹದಿನಾರಕ್ಕೆ ಇಟ್ಟಿದ್ದೀನಿ. ಆದ್ರೂ ಬಾಗಿಲ ಹತ್ರ ಸೆಕೆ. ಹದಿನಾಲ್ಕಕ್ಕೆ ಇಳಿಯೋ ಹಾಗೆ ಮಾಡ್ಕೊಡಿ.”

“ಹದಿನಾಲ್ಕಕ್ಕೆ ಬಟ್ಟೆ ಹೊಲೀತೀರೋ, ಐಸ್‌ಕ್ರೀಮ್ ಮಾರ್ತೀರೋ?”

ಅವಳು ಸಲಕರಣೆ ಪೆಟ್ಟಿಗೆ ತೆರೆಯಲಿಲ್ಲ. ಅತ್ತಿಗೆಯಿಂದ ಒಂದೆಳೆ ದಾರ ಈಸಿಕೊಂಡು, ಸದಾ ತೆರೆದೇ ಇರುವ ಬಾಗಿಲಲ್ಲಿ ನೆಲದ ಹತ್ತಿರ ಹಿಡಿದಳು. ದಾರ ಬೀದಿಯ ಕಡೆಗೆ ತೇಲಿತು. “ನೋಡಿ, ನಿಮ್ಮ ತಂಪು ಪೇಟೆ ಸುತ್ತೋಕೆ ಹೊರಟಿದೆ.” ಆಮೇಲೆ ಇಸ್ತ್ರಿ ಮೇಜಿನ ಬಳಿ ಬಂದು, ಅದರ ನೇರ ಮೇಲೆ ಗೋಡೆಗಿದ್ದ ಪುಟ್ಟ ಡಬ್ಬಿಯನ್ನು ಮುಟ್ಟಿದಳು. ಏಸಿಯ ಗುಂಡಿಗಳಿರುವ ಡಬ್ಬಿ ಅದು. ಪ್ಲಗ್ ಅಲ್ಲೇ ಇದೆಯೆಂದು ಮಾಸ್ಟರ್ ಮೇಜನ್ನೂ ಅಲ್ಲೇ ಇಟ್ಟಿದ್ದ.

“ಬೆಚ್ಚಗಿದೆ. ಅಂಗಡಿ ಎಷ್ಟು ಬಿಸಿ ಅಂತ ಏಸಿಗೆ ಚಾಡಿ ಹೇಳೋದು ಇದೇ ಡಬ್ಬಿ. ಈಗ ಏನಂತಿದೆ ಗೊತ್ತಾ?” ತಂಪಕ್ಕ ಮೂಗು ಹಿಡಿದು ಕೀರಲು ದನಿ ತೆಗೆದಳು: “‘ಅಯ್ಯೋ ಬೆಂದೋದೆ! ಹಬೆ! ಉರಿ! ಇನ್ನೂ ತಣ್ಣಗೆ ಬಿಡ್ರೋ!’ ಅದಕ್ಕೆ ಏಸಿ,” ಈಗ ಗಂಟಲು ಪಾತಾಳಕ್ಕಿಳಿಯಿತು, “‘ಆಗಲಿ ಒಡೆಯಾ, ಅತ್ತಿಗೇನ ಮಂಜುಗಡ್ಡೆ ಮಾಡ್ತೀನಿ ಒಡೆಯಾ!’”

ಬೇಡವೆಂದರೂ ಅತ್ತಿಗೆಗೆ ನಗು ಬಂತು. ಮಾಸ್ಟರ್ ಬೆರಗಾಗಿ ನಿಂತ. ಬಟ್ಟೆ ಮುಟ್ಟಿ ನೂಲಿನ ಜಾತಕ ಹೇಳುವವರನ್ನು ಅವನು ಕಂಡಿದ್ದ. ಗಾಳಿಯ ಜಾತಕ ಹೇಳುವ ಕೈಯನ್ನು ಕಂಡಿದ್ದು ಇದೇ ಮೊದಲು. ಆದರೂ ಸೋಲೊಪ್ಪಲಿಲ್ಲ.

“ಹದಿನಾರಕ್ಕಿಟ್ರೆ ಬೇಗ ತಣ್ಣಗಾಗುತ್ತಲ್ಲ?”

“ಇಲ್ಲ ಮಾಸ್ಟರ್. ಆ ಸಂಖ್ಯೆ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತೆ, ಎಷ್ಟು ಜೋರಾಗಿ ಓಡಬೇಕು ಅಂತಲ್ಲ. ಮುಟ್ಟೋಕಾಗದ ಊರು ತೋರಿಸಿದ್ರೆ ಅದು ದಿನವೆಲ್ಲ ಓಡುತ್ತೆ. ಹಿಂದೇನೇ ಕರೆಂಟ್ ಬಿಲ್ಲೂ ಓಡುತ್ತೆ.”

“ಬಾಗಿಲು ಮುಚ್ಚಿದ್ರೆ ಅಂಗಡಿ ಮುಚ್ಚಿದೆ ಅಂತ ಜನ ಮುಂದೆ ಹೋಗ್ತಾರೆ.”

“ಗಾಜಿನ ಬಾಗಿಲಲ್ವಾ? ‘ತೆರೆದಿದೆ, ಬನ್ನಿ’ ಅಂತ ಬೋರ್ಡ್ ತೂಗುಹಾಕಿ. ಓದೋಕೆ ಬರದವರಿಗೆ ನಿಮ್ಮ ಮುಖ ಕಾಣುತ್ತೆ. ಸ್ವಲ್ಪ ನಗ್ತಾ ಇರಿ, ಸಾಕು.”

ಮೇಜು ಎದುರು ಗೋಡೆಗೆ ಹೋಯಿತು. ಬಾಗಿಲು ಮುಚ್ಚಿತು. ಏಸಿಯ ಜಾಲರಿ ಬಿಚ್ಚಿದಾಗ ಬಂದ ಧೂಳು ನೋಡಿ ತಂಪಕ್ಕ, “ಇದರಲ್ಲೊಂದು ಕೋಟು ಹೊಲೀಬಹುದು, ತಿಂಗಳಿಗೊಮ್ಮೆ ತೊಳೀರಿ,” ಎಂದು ನಲ್ಲಿಯ ಕೆಳಗೆ ಹಿಡಿದಳು. ಇಪ್ಪತ್ತೈದಕ್ಕಿಟ್ಟು ಫ್ಯಾನನ್ನು ಮೆಲ್ಲಗೆ ತಿರುಗಿಸಿದಳು. ಅಂಗಡಿ ಮುಚ್ಚುವ ಅರ್ಧ ಗಂಟೆ ಮೊದಲೇ ಏಸಿ ತಾನಾಗಿ ನಿಲ್ಲುವಂತೆ ಟೈಮರನ್ನೂ ಹೊಂದಿಸಿದಳು.

ಅರ್ಧ ಗಂಟೆಯಾಯಿತು. ಬಾಗಿಲಲ್ಲಿ ಉಸ್ಸಪ್ಪ ಇಲ್ಲ, ಒಳಗೆ ಹುಹುಹು ಇಲ್ಲ. ಸ್ಟೂಲಿನ ಮೇಲೆ ಮುದುಡಿ ಕೂತಿದ್ದ ಕಂಡಕ್ಟರ್ ಮೈ ಸಡಿಲಿಸಿ ಆಕಳಿಸಿದ. ಅವನನ್ನೇ ನೋಡುತ್ತಿದ್ದ ತಂಪಕ್ಕ ಹೇಳಿದಳು:

“ಮಾಸ್ಟರ್, ಇಷ್ಟೊತ್ತು ಇವರ ಹೆಗಲು ಕಿವಿ ಹತ್ರ ಇತ್ತು. ಈಗ ಕೆಳಗಿಳಿದಿದೆ. ಇನ್ನೊಂದ್ಸಲ ಅಳತೆ ಹಿಡೀರಿ ನೋಡೋಣ.”

ಮಾಸ್ಟರ್ ಟೇಪು ಹಿಡಿದ. ಹೆಗಲು ಹದಿನೇಳೂವರೆ ಇಂಚು. ಚೀಟಿಯಲ್ಲಿ ಅವನದೇ ಅಕ್ಷರ: ಹದಿನಾರೂ ಮುಕ್ಕಾಲು. ಮತ್ತೆ ಹಿಡಿದ. ಹದಿನೇಳೂವರೆಯೇ. ಚಳಿಗೆ ಕುಗ್ಗಿದ ಹೆಗಲನ್ನು ಅಳೆದು ಬರೆದವನು ತಾನು, ಬೈಸಿಕೊಂಡವರು ಅತ್ತಿಗೆ.

ಅವನು ಟೇಪನ್ನು ಅತ್ತಿಗೆಯ ಮುಂದಿಟ್ಟ. “ತಪ್ಪು ನಂದೇ ಅತ್ತಿಗೆ. ನಿಮ್ಮ ಕೈಯನ್ನ ದೂರಬಾರದಿತ್ತು. ಮನಸ್ಸಿಗೆ ಹಚ್ಕೋಬೇಡಿ.”

“ಹಚ್ಕೊಳ್ದೆ ಇರೋಕಾಗುತ್ತಾ, ಚುಚ್ಚಿದ್ದು ಸೂಜಿಯಲ್ಲ, ಮೈದುನ!” ಅತ್ತಿಗೆ ಶಾಲು ತೆಗೆದು ಮಡಿಸಿದರು. “ಇನ್ಮೇಲೆ ಆ ಗುಂಡಿ ಒತ್ತೋ ಮುಂಚೆ, ಒಳಗೆ ಕೂತಿರೋಳನ್ನ ಒಂದು ಮಾತು ಕೇಳು.”

“ಕೇಳ್ತೀನಿ ಅತ್ತಿಗೆ.”

ಅತ್ತಿಗೆ ಅಂಗಿಯ ಹೆಗಲ ಹೊಲಿಗೆ ಬಿಚ್ಚುತ್ತ ಕಂಡಕ್ಟರನಿಗೆ ಹೇಳಿದರು: “ನಾಳೆ ಹನ್ನೊಂದಕ್ಕೆ ಬಾರಪ್ಪ, ನಾನೇ ಕೊಡ್ತೀನಿ.”

‘ನಾಳೆ’ ಎಂಬ ಮಾತು ಕೇಳಿ ಮಾಸ್ಟರಿಗೆ ಹೋದ ಜೀವ ಬಂದಂತಾಯಿತು.

ಅಂಗಡಿಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಏಸಿಯ ಡಬ್ಬಿ ಎಲ್ಲಿದೆ? ಅದರ ಹತ್ತಿರ ಇಸ್ತ್ರಿ, ಒಲೆ, ಫ್ರಿಜ್ಜಿನ ಬೆನ್ನು, ಬಿಸಿಲು ಬೀಳುವ ಗಾಜು ಇದೆಯೇ? ಇವತ್ತೇ ನೋಡಿ, ದೂರ ಸರಿಸಿ. ಇಪ್ಪತ್ತನಾಲ್ಕರಿಂದ ಇಪ್ಪತ್ತಾರರೊಳಗೆ ಇಟ್ಟು ಫ್ಯಾನ್ ಹಾಕಿ, ಬಾಗಿಲು ಮುಚ್ಚಿ. ಬಿಲ್ಲೂ ಇಳಿಯುತ್ತದೆ, ಗಿರಾಕಿಯೂ ನೆಮ್ಮದಿಯಾಗಿ ನಿಲ್ಲುತ್ತಾನೆ. ಆಮೇಲೆ ನಿಮ್ಮಂಗಡಿಯ ತೀರಾ ಒಳಗಿನ ಮೂಲೆಯಲ್ಲಿ ದುಡಿಯುವವರ ಬಳಿ ಹೋಗಿ, “ನಿಮಗೆ ಹಿತವಾಗಿದೆಯಾ?” ಎಂದು ಕೇಳಿ. ಅವರ ಉತ್ತರ ಕೇಳಿಸಿಕೊಂಡೇ ಗುಂಡಿ ಒತ್ತಿ.