ಕಪ್ಪು ಕೋಟಿನ ತೂತು

ಬುಧವಾರ ಮಧ್ಯಾಹ್ನ ಎರಡು ಗಂಟೆಗೇ ತಂಗಿ ಮನೆಗೆ ಬಂದಳು. ಹದಿನೆಂಟು ವರ್ಷಗಳಲ್ಲಿ ಅವಳು ಲಾಂಡ್ರಿಯಿಂದ ಆರು ಗಂಟೆಗೆ ಮುಂಚೆ ಬಂದದ್ದು ನನಗೆ ನೆನಪಿಲ್ಲ. ಚಪ್ಪಲಿಗಳನ್ನು ಒಂದೊಂದು ದಿಕ್ಕಿಗೆ ಒದ್ದು ಒಳಗೆ ಬಂದವಳು, ನಾನು ಮೇಜಿನ ಮೇಲೆ ಇಟ್ಟುಕೊಂಡಿದ್ದ ಕ್ಯಾಮರಾದ ಪಕ್ಕಕ್ಕೆ ಮಡಚಿದ ಕಾಗದವೊಂದನ್ನು ಎಸೆದಳು.

“ಓದು ಅಕ್ಕಾ. ಕಳ್ಳಿ ಅಂತ ಬರೆದಿಲ್ಲ ಅನ್ನೋದೊಂದೇ ಪುಣ್ಯ.”

ಓದಿದೆ. ‘ಕೋಟಿಗೆ ನನ್ನ ಕತ್ತರಿ ತಾಗಿ ತೂತಾಗಿದೆ. ತಪ್ಪು ನನ್ನದು. ಈ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ.’ ಕೆಳಗೆ ರುಜುವಿಗೆ ಜಾಗ ಖಾಲಿ ಬಿಟ್ಟಿದ್ದರು.

ತಂಗಿಯದು ರಫು ಕೆಲಸ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಹರಿದಿತ್ತು ಎನ್ನುವುದೇ ತಿಳಿಯದ ಹಾಗೆ ಹೆಣೆದು ಕೂಡಿಸುತ್ತಾಳೆ. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಸೂಜಿಯಮ್ಮ ಎಂದೇ ಕರೆಯುವುದು. ಸೋಮವಾರ ವಕೀಲರೊಬ್ಬರ ಉಣ್ಣೆಯ ಕಪ್ಪು ಕೋಟು ಒಗೆಯಲು ಬಂದಿತ್ತು. ಒಗೆದ ಮೇಲೆ ಎದೆಯ ಹತ್ತಿರ ಬಟಾಣಿಯಷ್ಟು ತೂತು ಕಂಡಿತು. ಯಾರೂ ಹೇಳದಿದ್ದರೂ ಇವಳು, ‘ಪಾಪ, ಮುಚ್ಚಿಕೊಟ್ಟರಾಯಿತು’ ಎಂದು ಕೈಗೆತ್ತಿಕೊಂಡಳು. ಅಷ್ಟರಲ್ಲಿ ವಕೀಲರು ಹೇಳಿದ ದಿನಕ್ಕಿಂತ ಮುಂಚೆಯೇ ಬಂದುಬಿಟ್ಟರು. ಅವರು ನೋಡಿದ್ದು ಇಷ್ಟು: ಒಂದು ಕೈಯಲ್ಲಿ ಕೋಟು, ಕೋಟಿನಲ್ಲಿ ತೂತು, ಇನ್ನೊಂದು ಕೈಯಲ್ಲಿ ಕತ್ತರಿ.

“ಲಾಂಡ್ರಿ ಯಜಮಾನರು ಏನಂದ್ರು?”

“ಏನಂತಾರೆ, ವಕೀಲರು ಹೇಳಿದ್ದನ್ನೇ ಈ ಕಾಗದದಲ್ಲಿ ಬರೆದುಕೊಟ್ರು. ಶನಿವಾರ ಐದು ಗಂಟೆಗೆ ವಕೀಲರು ಬರ್ತಾರಂತೆ, ಅಷ್ಟರಲ್ಲಿ ರುಜು ಹಾಕ್ಬೇಕಂತೆ. ಹಾಕಿದ್ರೆ ಯಾವ ಅಂಗಡಿಯವರು ಅಕ್ಕಾ ನನ್ನ ಕೈಗೆ ಬಟ್ಟೆ ಕೊಡೋದು? ಹಾಕಲ್ಲ. ಕೈ ಕತ್ತರಿಸಿಕೊಂಡು ಹೋಗ್ಲಿ, ಹಾಕಲ್ಲ.”

“ತೂತು ನೋಡಕ್ಕೆ ಹೆಂಗಿತ್ತು?”

“ತೂತು ತೂತಿನ ಹಂಗಿತ್ತು.” ಒಂದು ಲೋಟ ನೀರು ಕುಡಿದ ಮೇಲೆ ಸ್ವಲ್ಪ ಮೆತ್ತಗಾದಳು. “ಅಂಚೆಲ್ಲಾ ಸವೆದು ಪುಸುಪುಸು ಆಗಿತ್ತು. ಕತ್ತರಿ ತಾಗಿದ್ರೆ ಹಂಗಿರಲ್ಲ.”

ನಾನು ಕ್ಯಾಮರಾ ಕೈಗೆತ್ತಿಕೊಂಡೆ. ಜೇಬಿಗೆ ಹಿಡಿಸುವ ಸಣ್ಣ ಡಿಜಿಟಲ್ ಕ್ಯಾಮರಾ ಅದು, ಹಳೆಯದು. ಅದರ ಮೂತಿಗೆ ಹಾಕಲು ಭೂತಗನ್ನಡಿಯಂಥ ಮೂರು ಲೆನ್ಸುಗಳಿವೆ. ಒಂದರ ಮೇಲೊಂದು ತಿರುಗಿಸಿ ಕೂರಿಸಬಹುದು. ಕ್ಯಾಮರಾದಲ್ಲಿ ಅವನ್ನು ತಿರುಗಿಸಿ ಕೂರಿಸುವ ತಿರುಪು ಇರಲಿಲ್ಲವೆಂದು ಗಡಿಯಾರ ರಿಪೇರಿಯವರು ಒಂದು ಹಿತ್ತಾಳೆ ಬಳೆ ಅಂಟಿಸಿಕೊಟ್ಟಿದ್ದರು. ಏನು ಕೊಡಲಿ ಎಂದರೆ, “ಒಂದು ಇರುವೆ ಫೋಟೋ ಕೊಡಿ” ಎಂದಿದ್ದರು. ಅದು ಈಗಲೂ ಅವರ ಗೋಡೆಯ ಮೇಲಿದೆ. ತಂಗಿಗೆ ಮಾತ್ರ ನನ್ನ ಈ ಹುಚ್ಚು ನಗೆಪಾಟಲು. ‘ನಮ್ಮಕ್ಕ ಇರುವೆಗಳಿಗೆ ಪಾಸ್‌ಪೋರ್ಟ್ ಫೋಟೋ ತೆಗೀತಾಳೆ’ ಎಂದು ಊರಿಗೆಲ್ಲ ಹೇಳಿಕೊಂಡು ಬರುವವಳು.

ಈಗ ಅವಳು ನಗಲಿಲ್ಲ.

ಗುರುವಾರ ಊಟದ ಹೊತ್ತಿಗೆ ಲಾಂಡ್ರಿಗೆ ಹೋದೆವು. ಒಳಗೆಲ್ಲ ಹಬೆ, ಸೋಪಿನ ವಾಸನೆ, ಸಾಲಾಗಿ ತೂಗುಹಾಕಿದ ಬೇರೆಯವರ ಅಂಗಿಗಳು. ಯಜಮಾನರು ನನ್ನ ಮುಖ ನೋಡಲು ಸಂಕೋಚಪಟ್ಟುಕೊಂಡರೂ ತಮ್ಮದೇ ಕುರ್ಚಿಯನ್ನು ಎತ್ತಿ ತಂದು ಹಾಕಿದರು. ಕೆಟ್ಟವರಲ್ಲ, ಹೆದರಿದವರು.

“ನೋಡಿ ಅಮ್ಮಾ, ಫೋಟೋ ಬೇಕಾದ್ರೆ ತಗೊಳ್ಳಿ. ಆದ್ರೆ ವಕೀಲರ ಜೊತೆ ಜಗಳ ಮಾಡೋ ಶಕ್ತಿ ನನಗಿಲ್ಲ.”

“ಜಗಳ ನಾನು ಮಾಡ್ತೀನಿ ಬಿಡಿ,” ಎಂದಳು ತಂಗಿ.

ಕೋಟನ್ನು ಕಿಟಕಿಯ ಬಳಿ ಅವಳ ಮೇಜಿನ ಮೇಲೆ ಹರಡಿದೆವು. ನಾನು ಮೂರೂ ಲೆನ್ಸು ಕೂರಿಸಿ, ಜೂಮನ್ನು ಪೂರ್ತಿ ಮುಂದಕ್ಕೆ ಎಳೆದೆ. ಹಾಗೆ ಎಳೆಯದಿದ್ದರೆ ಚಿತ್ರದ ನಾಲ್ಕು ಮೂಲೆಯೂ ಕಪ್ಪಾಗಿಬಿಡುತ್ತದೆ. ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮುಂಚೆ ಗುಂಡಿ ಒತ್ತಿದೆ. ಯಜಮಾನರೂ ಬಗ್ಗಿ ಪರದೆ ನೋಡಿದರು.

ತೂತಿನ ಅಂಚು ಬ್ಲೇಡಿನಿಂದ ಕೊಯ್ದ ಹಾಗೆ ನೀಟಾಗಿತ್ತು. ಒಂದೊಂದು ಎಳೆಯ ತುದಿಯೂ ಚಪ್ಪಟೆ.

“ಅಯ್ಯೋ,” ಎಂದರು ಯಜಮಾನರು. ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. “ನಿಮ್ಮ ಕ್ಯಾಮರಾನೇ ಸಾಕ್ಷಿ ಹೇಳ್ತಿದೆಯಲ್ಲ ಅಮ್ಮಾ.”

ತಂಗಿ ನಿಂತಲ್ಲೇ ಕಣ್ಣು ಮುಚ್ಚಿದಳು. ನನಗೆ ಆಗ ಹೊಳೆಯಿತು. ಹೆಣೆಯುವ ಮೊದಲು ಸವೆದ ಅಂಚನ್ನೆಲ್ಲ ಕತ್ತರಿಸಿ ಒಪ್ಪ ಮಾಡುವುದು ಅವಳ ಪದ್ಧತಿ. ವಕೀಲರು ಬರುವ ಹೊತ್ತಿಗೆ ಅದನ್ನು ಮಾಡಿ ಮುಗಿಸಿದ್ದಳು. ತನ್ನನ್ನು ಕಾಪಾಡಬಹುದಾಗಿದ್ದ ಆ ಪುಸುಪುಸು ಅಂಚನ್ನು ತಾನೇ ಗುಡಿಸಿ ಕಸದ ಬುಟ್ಟಿಗೆ ಹಾಕಿದ್ದಳು.

“ಅಳಿಸಿಬಿಡ್ಲೇನೇ?” ಎಂದು ಪಿಸುಗುಟ್ಟಿದೆ.

“ಮುಟ್ಟಬೇಡ.” ಕಣ್ಣು ತೆರೆದು ನನ್ನನ್ನು ನೆಟ್ಟಗೆ ನೋಡಿದಳು. “ಅಂಚು ಕತ್ತರಿಸಿದ್ದು ನಾನೇ. ಅದನ್ನ ಯಾಕೆ ಮುಚ್ಚಿಡ್ಲಿ? ತೂತು ಮಾಡಿದ್ದು ನಾನಲ್ಲ. ಹುಡುಕು ನೀನು.”

ಹುಡುಕಿದೆ. ಮೊದಮೊದಲು ಏನೂ ಸಿಗಲಿಲ್ಲ. ಕ್ಯಾಮರಾದ ಫ್ಲಾಷಿಗೆ ಕಪ್ಪು ಉಣ್ಣೆ ಬರೀ ಬೂದಿಯ ರಾಶಿಯಂತೆ ಕಾಣುತ್ತಿತ್ತು. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಭಾಗ ತೆಳುವಾಗುತ್ತಾ ಹೋಗಿ, ಕೊನೆಗೆ ಕಾಗದದ ದಪ್ಪದಷ್ಟು ಮಾತ್ರ ಉಳಿಯುತ್ತದೆ. ಈ ವಯಸ್ಸಿನ ಕೈಗೆ ಆ ಲೆಕ್ಕ ಸುಲಭವಲ್ಲ. ಇಸ್ತ್ರಿ ಮಾಡುವಾಕೆ ತನ್ನ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಎದ್ದು ಬಂದಳು. ನನ್ನ ಮಣಿಕಟ್ಟಿನ ಕೆಳಗೆ ಎರಡು ದಾರದ ಉಂಡೆ ಇಟ್ಟಳು. ಆಮೇಲೆ ಟಾರ್ಚನ್ನು ಬಟ್ಟೆಗೆ ತಾಗುವಂತೆ ಪಕ್ಕದಿಂದ ಹಿಡಿದಳು.

“ಅಡ್ಡ ಬೆಳಕು ಬಿದ್ರೇನೇ ಅಕ್ಕಾ ಸುಕ್ಕು ಕಾಣೋದು. ನಮಗೆ ದಿನಾ ಇದೇ ಕೆಲಸ.”

ಅಡ್ಡ ಬೆಳಕಿನಲ್ಲಿ ಕೋಟು ಬೇರೆಯೇ ಆಯಿತು. ಕಾಲರಿನ ಅಡಿಯಲ್ಲಿ, ಕಣ್ಣಿಗೆ ಏನೂ ಕಾಣದಿದ್ದ ಕಡೆ, ಉಣ್ಣೆಯ ಮೇಲ್ಪದರವನ್ನು ಯಾರೋ ಮೇಯ್ದಂತೆ ನಾಲ್ಕಾರು ಪುಟ್ಟ ಬೋಳು ಜಾಗಗಳಿದ್ದವು. ಹೊಲಿಗೆಯ ಸಂದಿಯಲ್ಲಿ, ಒಗೆದರೂ ಹೋಗದೆ ಸಿಕ್ಕಿಕೊಂಡಿದ್ದ ಕಂದುಬಣ್ಣದ ಒಂದು ಹೊಟ್ಟು. ಪರದೆಯ ಮೇಲೆ ದೊಡ್ಡದು ಮಾಡಿದೆ. ಟೊಳ್ಳು ಪೊರೆ, ಅದರ ತುಂಬ ಪೊರಕೆಯಂತೆ ಕೂದಲು.

ನನಗೆ ನಗು ಬಂತು. ಇದು ನನ್ನ ಹಳೆಯ ಶತ್ರು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು ನಾನು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹುಲ್ಲು ತುಂಬಿಸಿಟ್ಟಿದ್ದ ಗೂಬೆಯ ರೆಕ್ಕೆಯನ್ನು ತಿಂದು ಮುಗಿಸಿದ್ದು ಇದೇ ನುಸಿಹುಳದ ಮರಿ.

“ಇನ್ನೂ ಹುಡುಕೋಣ,” ಎಂದೆ. “ಬೇರೆ ಬೇರೆ ಅಳತೇದು ಸಿಗಬೇಕು.”

ಶನಿವಾರ ಐದಕ್ಕೆ ಸರಿಯಾಗಿ ವಕೀಲರು ಬಂದರು. ಎತ್ತರದ ಮನುಷ್ಯ, ಕನ್ನಡಕ. ಯಜಮಾನರು ಎದ್ದು ನಿಂತರು. ತಂಗಿ ಕೂತಲ್ಲಿಂದ ಏಳಲಿಲ್ಲ. ರುಜುವಿಲ್ಲದ ಕಾಗದವನ್ನು ಮೇಜಿನ ಮೇಲೆ ಬಿಡಿಸಿ, ಹಾರದಿರಲೆಂದು ಅದರ ಮೇಲೆ ಕತ್ತರಿ ಇಟ್ಟಿದ್ದಳು.

“ರುಜು ಎಲ್ಲಿ?”

“ಮೊದಲು ಇದನ್ನ ನೋಡಿ ಸಾರ್. ಅಕ್ಕಾ, ಮೊದಲನೇದನ್ನೇ ತೋರಿಸು.”

ತೋರಿಸಿದೆ. ವಕೀಲರ ಹುಬ್ಬು ಮೇಲೇರಿತು. “ಇದು ಕತ್ತರಿ ಗುರುತಲ್ಲವಾ?”

“ಹೌದು. ನನ್ನ ಕತ್ತರೀದೇ. ನಿಮ್ಮ ತೂತಿನ ಅಂಚನ್ನ ಒಪ್ಪ ಮಾಡಿದ್ದು. ಕೇಳದೆ ಮಾಡಿದೆ, ಅದು ನನ್ನ ತಪ್ಪು. ಈಗ ಮುಂದಿಂದು ನೋಡಿ.”

ಬೋಳು ಜಾಗ ತೋರಿಸಿದೆ. ಆಮೇಲೆ ಒಂದೊಂದಾಗಿ ಮೂರು ಪೊರೆ: ರಾಗಿಗಿಂತ ಸಣ್ಣದು, ರಾಗಿಯಷ್ಟು, ಎಳ್ಳಿನಷ್ಟು. ಅವರು ಕ್ಯಾಮರಾವನ್ನು ಎರಡೂ ಕೈಯಲ್ಲಿ ಹುಷಾರಾಗಿ ಹಿಡಿದುಕೊಂಡರು. ಬೇರೆಯವರ ವಸ್ತುವನ್ನು ಹೀಗೆ ಹಿಡಿಯುವವರಲ್ಲಿ ಮಾತಾಡಲು ಜಾಗವಿರುತ್ತದೆ ಎಂದುಕೊಂಡೆ.

“ಹುಳ ನಿಮ್ಮ ಅಂಗಡೀದೇ ಯಾಕಿರಬಾರದು?”

“ಕೋಟು ಇಲ್ಲಿಗೆ ಬಂದಿದ್ದು ಸೋಮವಾರ, ನೀವು ತೂತು ನೋಡಿದ್ದು ಬುಧವಾರ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಈ ಮರಿ ಬೆಳೆದ ಹಾಗೆ ಪೊರೆ ಬಿಡುತ್ತೆ. ಸಣ್ಣದರಿಂದ ದೊಡ್ಡದಾಗೋಕೆ ವಾರಗಟ್ಟಲೆ, ಒಂದೊಂದು ಸಲ ತಿಂಗಳುಗಟ್ಟಲೆ ಬೇಕು. ಎರಡು ದಿನದಲ್ಲಿ ಆಗಲ್ಲ. ಇದು ನಿಮ್ಮ ಬೀರುವಿನಲ್ಲಿ ಹುಟ್ಟಿ, ನಿಮ್ಮ ಕಾಲರಿನಲ್ಲೇ ದೊಡ್ಡದಾಗಿದೆ. ತಿಂದು ಸವೆಸಿದ ಜಾಗ ಒಗೆದಾಗ ಬಿಟ್ಟುಕೊಂಡಿದೆ, ಅಷ್ಟೇ.”

“ಅಂದ್ರೆ ನೀವು ಸಾಕಿದ್ದು ಸಾರ್,” ಎಂದಳು ಇಸ್ತ್ರಿಯಾಕೆ ಹಿಂದಿನಿಂದ. ಯಜಮಾನರು ಕೆಮ್ಮಿದರು.

ವಕೀಲರು ಬಹಳ ಹೊತ್ತು ಪರದೆ ನೋಡಿದರು. ಕೋಟಿನ ಕಾಲರನ್ನು ತಿರುವಿ ನೋಡಿದರು. “ಸರಿ. ಬಂದಾಗಲೇ ಇತ್ತು ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ ನನಗೆ ಸಾಲಲ್ಲ,” ಎಂದಳು ತಂಗಿ. “ಅವತ್ತು ಕತ್ತರಿ ನೋಡಿ, ಅನ್ಸುತ್ತೆ ಅಂದಿರಲಿಲ್ಲ ನೀವು. ನಾಲ್ಕು ಜನರ ಮುಂದೆ ಕೂಗಾಡಿದ್ರಿ.”

ಹಬೆ ಯಂತ್ರ ಒಮ್ಮೆ ಸುಸ್ಸೆಂದಿತು.

“ಬಂದಾಗಲೇ ತೂತಿತ್ತು. ಇವರು ಮಾಡಿದ್ದಲ್ಲ,” ಎಂದರು ವಕೀಲರು.

“ಇಸ್ತ್ರಿಯವರಿಗೆ ಕೇಳಿಸ್ಲಿಲ್ಲ.”

“ಕೇಳಿಸ್ತು ಬಿಡೇ ಮಹರಾಯ್ತಿ,” ಎಂದು ಒಳಗಿನಿಂದ ಉತ್ತರ ಬಂತು.

ಯಜಮಾನರು ಕಾಗದಕ್ಕೆ ಕೈ ಚಾಚಿದರು, ಹರಿಯಲೆಂದು. ತಂಗಿ ಬಿಡಲಿಲ್ಲ. ನಾಲ್ಕು ಮಡಿಕೆ ಮಾಡಿ ತನ್ನ ಸೂಜಿ ಡಬ್ಬಿಯೊಳಗೆ ಹಾಕಿಕೊಂಡಳು. “ಇದು ನನ್ನ ಹತ್ರ ಇರ್ಲಿ. ಇನ್ನು ಮುಂದೆ ಉಣ್ಣೆ ಬಟ್ಟೆ ಬಂದ್ರೆ ಮೊದಲು ಅಕ್ಕ ಫೋಟೋ ತೆಗೀತಾಳೆ, ಆಮೇಲೆ ನಾನು ಕತ್ತರಿ ಹಿಡೀತೀನಿ.” ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆದರೆ ಯಜಮಾನರು ತಮ್ಮ ಕುರ್ಚಿಯನ್ನು ಮತ್ತೆ ಕಿಟಕಿಯ ಹತ್ತಿರಕ್ಕೆ ಎಳೆದು ಇಟ್ಟರು.

ಹೊರಡುವಾಗ ವಕೀಲರು ಬಾಗಿಲಲ್ಲಿ ನಿಂತರು. “ಬರೋ ಬುಧವಾರಕ್ಕೆ ಕೋಟು ಬೇಕಿತ್ತು. ಮುಚ್ಚಿಕೊಡ್ತೀರಾ?”

“ಮುಚ್ಚಿಕೊಡ್ತೀನಿ. ನೀವು ಮನೇಲಿ ಬೀರು ಖಾಲಿ ಮಾಡಿ ಬಿಸಿಲಿಗೆ ಹಾಕಿ.”

ಮಂಗಳವಾರ ಕೋಟು ಮುಗಿಯಿತು. ತೂತು ಎಲ್ಲಿತ್ತೆಂದು ಬೆರಳಿಗೂ ಸಿಗಲಿಲ್ಲ, ಕಣ್ಣಿಗೂ ಸಿಗಲಿಲ್ಲ. ಮೂರೂ ಲೆನ್ಸು ಹಾಕಿ, ಉಂಡೆಗಳ ಮೇಲೆ ಕೈ ಊರಿ, ಇಸ್ತ್ರಿಯಾಕೆ ಹಿಡಿದ ಅಡ್ಡ ಬೆಳಕಿನಲ್ಲಿ ಹುಡುಕಿದೆ. ಕಪ್ಪು ಎಳೆಗಳ ನಡುವೆ ಒಂದೇ ಒಂದು ಕಡುನೀಲಿ ಎಳೆ, ಎರಡರ ಕೆಳಗೆ ಹೋಗಿ, ಎರಡರ ಮೇಲೆ ಬಂದು, ಮತ್ತೆ ಒಳಗೆ ಸೇರಿತ್ತು.

“ಇದೇನೇ ಇದು?”

ತಂಗಿ ದಾರವನ್ನು ಹಲ್ಲಿನಿಂದ ಕಡಿದು, ಕೋಟನ್ನು ಕೊಡವಿ ಹ್ಯಾಂಗರಿಗೆ ಹಾಕಿದಳು.

“ರುಜು ಕೇಳಿದ್ರಲ್ಲ,” ಎಂದಳು. “ಹಾಕಿದೀನಿ.”