ಜಗದಾಂಬಳ ಊದುಗೊಳವೆ

ಎರಡನೇ ಮಹಾಯುದ್ಧ ಶುರುವಾಗಿ ಚನ್ನರಾಯನದುರ್ಗದಲ್ಲಿ ಸೀಮೆಎಣ್ಣೆ ಸಿಗದಂತಾದ ಮೇಲೆ, ಹಸಿ ಸೌದೆಯನ್ನು ಊದಿಯೇ ಒಲೆ ಹೊತ್ತಿಸಬೇಕಾಯಿತು. ಹಿರಿಸೊಸೆ ಜಗದಾಂಬ ತನ್ನ ಊದುಗೊಳವೆಯಲ್ಲಿ ನಿಧಾನವಾಗಿ ಒಮ್ಮೆ ಊದಿದರೆ ಸಾಕು, ಕೆಂಡ ಅರಳುತ್ತಿತ್ತು. ಅತ್ತೆಗೆ ಅವಳನ್ನು ಹೊಗಳಿ ಸಾಕಾಗುತ್ತಿರಲಿಲ್ಲ. ಕಿರಿಸೊಸೆ ಶಿವರುದ್ರಮ್ಮ ಬುಸುಬುಸು ಊದಿ, ಕೆಮ್ಮಿ, ಡವಡವ ಎನ್ನುವ ಎದೆ ಹಿಡಿದು ಕೂರುತ್ತಿದ್ದಳು. ಎಲ್ಲ ಆ ಕೊಳವೆಯ ಮಹಿಮೆ ಎಂದು ಹೊಟ್ಟೆ ಉರಿದು, ಕದ್ದು ತನ್ನ ಕೊಳವೆಯನ್ನೂ ಜಗದಾಂಬಳದ್ದನ್ನೂ ಅದಲುಬದಲು ಮಾಡಿದಳು. ಆದರೂ ಕೆಮ್ಮಿದವಳು ಶಿವರುದ್ರಮ್ಮನೇ.

"ಮೂಗಲ್ಲಿ ಮೆಲ್ಲಗೆ ಎಳ್ಕೊ, ಬಾಯಲ್ಲಿ ಇನ್ನೂ ಮೆಲ್ಲಗೆ ಬುಡು ಕಣಮ್ಮ," ಎಂದಳು ಜಗದಾಂಬ.

ಶಿವರುದ್ರಮ್ಮ ಒಲ್ಲದ ಮನಸ್ಸಿನಿಂದಲೇ ಹಾಗೆ ಊದತೊಡಗಿದಳು. ಕೆಲವೇ ದಿನಗಳಲ್ಲಿ ಎದೆಬಡಿತ ತಗ್ಗಿತು, ಒಳ್ಳೆಯ ನಿದ್ದೆ ಬಂತು, ಒಲೆಯೂ ಧಗಧಗ ಉರಿಯಿತು. ಇವತ್ತಾದರೂ ಹೊಗಳಿಕೆ ತನಗೇ ಎಂದು ಅವಳು ಅತ್ತೆಯ ಮುಖ ನೋಡಿದಳು.

"ಹೆಂಗೆ ಕಲಿಸವ್ಳೆ ನೋಡು ನಮ್ಮ ಜಗದಾಂಬ!" ಎಂದರು ಅತ್ತೆ.

ಶಿವರುದ್ರಮ್ಮನ ಉಸಿರು ಮತ್ತೆ ಬುಸುಬುಸು ಎಂದಿತು.