ಕೃಪಾವತಿಯ ಹುಂಜ

ಕಾಯಿಲೆ ವಾಸಿಯಾದರೆ ಮನೆಯ ಹುಂಜವನ್ನು ಗುಬ್ಬಿ ಚರ್ಚಿನ ಸುಗ್ಗಿ ಹಬ್ಬಕ್ಕೆ ಕೊಡುತ್ತೇನೆಂದು ಕೃಪಾವತಿ ದೇವರಿಗೆ ಹೇಳಿಕೊಂಡಿದ್ದಳು. ವಾಸಿಯಾಗಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ತುಮಕೂರಿನ ಅಂಚಿನ ಮರಳೂರಿನ ಮನೆಯಲ್ಲಿ ಉಳಿದವರು ಗಂಡ ಪ್ರಭುದಾಸ ಮೇಷ್ಟ್ರು ಮತ್ತು ಹುಂಜ.

ಕೇಳಿದ್ದು ಸಿಗಲಿಲ್ಲ, ಆದ್ದರಿಂದ ಕೊಡುವುದೂ ಇಲ್ಲ ಎಂದು ಮೇಷ್ಟ್ರು ತೀರ್ಮಾನಿಸಿದ್ದರು. ದೇವರ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ, ಮಾತು ಬಿಟ್ಟಿದ್ದರು, ಅಷ್ಟೆ. ಊಟಕ್ಕೆ ಮುಂಚೆ ಕಣ್ಣು ಮುಚ್ಚುವುದು ನಿಂತಿತ್ತು. ಮಣ್ಣಿನ ದಿನ ಬಂದವರೆಲ್ಲ ಅತ್ತರು. ಮೇಷ್ಟ್ರು ಅವರಿಗೆ ಕುರ್ಚಿ ಹಾಕಿಸಿದರು. ಆಮೇಲೂ ಅವರ ಕಣ್ಣು ಒದ್ದೆಯಾಗಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಹುಂಜದ ಕಾಲು ಕಟ್ಟಿ ಚೀಲಕ್ಕೆ ಹಾಕಿಕೊಂಡು ಹೊರಟರು. ಗುಬ್ಬಿ ಬಸ್ ನಿಲ್ದಾಣದ ಪಕ್ಕದ ಕೋಳಿ ಅಂಗಡಿಗೆ ಕೊಟ್ಟುಬಿಡುವುದೆಂದು ಯೋಚನೆ. ತುಮಕೂರಿನಲ್ಲಿ ಕೋಳಿ ಅಂಗಡಿಗಳು ಬೇಕಾದಷ್ಟಿದ್ದವು. ಗುಬ್ಬಿಗೇ ಏಕೆ, ಅದೂ ಸುಗ್ಗಿ ಹಬ್ಬದ ದಿನವೇ ಏಕೆ ಎಂದು ಅವರು ತಮ್ಮನ್ನು ಕೇಳಿಕೊಳ್ಳಲಿಲ್ಲ.

ಪಕ್ಕದ ಮನೆಯ ಸಿದ್ದಗಂಗಮ್ಮ ಹುಂಜ ಎಲ್ಲಿಗೆ ಎಂದು ಕಾಂಪೌಂಡಿನ ಆಚೆಯಿಂದ ಕೇಳಿದಳು. ಮೊಟ್ಟೆಯನ್ನೂ ಮುಟ್ಟದ ಹೆಂಗಸು. ಆದರೂ ಹುಂಜದ ಯೋಗಕ್ಷೇಮ ಅವಳದೇ. ಅಂಗಡಿಗೆ ಎಂದರು ಮೇಷ್ಟ್ರು.

"ಅಂಗಡೀಗಾ? ಇನ್ನಾಗಲ್ಲ ಅಂತ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ ಮೇಲೂ ಅಕ್ಕ ನನ್ ಕೈಲಿ ಇದಕ್ಕೆ ರಾಗಿ ಹಾಕಿಸ್ತಿದ್ರು. ಇನ್ಯಾಕಕ್ಕ ಇದೆಲ್ಲ ಅಂದೆ. ವಾಸಿಯಾದ್ರೆ ಕೊಡ್ತೀನಿ ಅಂದಿದ್ದು ತಪ್ಪಾಯ್ತು ಕಣಮ್ಮ, ಹೆಂಗಾದ್ರೂ ಕೊಡೋದೇ ಅಂದ್ರು."

ತಮಗೆ ಹೇಳಲಿಲ್ಲವಲ್ಲ ಎಂದರು ಮೇಷ್ಟ್ರು.

"ಮೂತಿ ಬಿಗ್ಕೊಂಡ್ ಕೂತಿರ್ತಿದ್ರಲ್ಲ, ನಿಮ್ಗೆಲ್ಲಿ ಹೇಳ್ತಾರೆ."

ಬಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ಇಟ್ಟರು. ಹುಂಜ ಕತ್ತು ಹೊರಗೆ ಹಾಕಿತು. ಕಂಡಕ್ಟರ್ ಬಂದು ಕೋಳಿ ಯಾರದೆಂದು ಕೇಳಿದ. ತಮ್ಮದೆಂದರೆ ಎಲ್ಲಿಗೆ ಒಯ್ಯುತ್ತೀರಿ ಎಂದು ಯಾರಾದರೂ ಕೇಳಬಹುದು; ಅಂಗಡಿಗೋ ಚರ್ಚಿಗೋ ಎಂದು ಮೇಷ್ಟ್ರು ಈಗ ತೀರ್ಮಾನಿಸಿರಲಿಲ್ಲ. ತಿಳಿಯದು ಎಂದರು. ಹಾಗಲವಾಡಿಗೆ ಹೊರಟಿದ್ದ ಹೆಂಗಸೊಬ್ಬಳು, ಇವರು ಅದರ ಜೊತೆಯಲ್ಲೇ ಹತ್ತಿದವರು ಎಂದಳು. ಇಲ್ಲ ಎಂದರು. ಚೀಲದ ಮೇಲೆ ಮರಳೂರಿನ ಅಂಗಡಿಯ ಹೆಸರಿತ್ತು. ನೀವೂ ಮರಳೂರಿನವರಲ್ಲವೇ ಎಂದ ಕಂಡಕ್ಟರ್.

"ಆ ಕೋಳಿ ಯಾವ್ದೋ ನಂಗೊತ್ತಿಲ್ಲಪ್ಪ," ಎಂದರು ಮೇಷ್ಟ್ರು.

ಹುಂಜ ಕೂಗಿತು.

ಮೇಷ್ಟ್ರು ವರ್ಷಗಟ್ಟಲೆ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪೇತ್ರನ ಪಾಠ ಹೇಳಿದವರು. ಯೇಸುವನ್ನು ಹಿಡಿದೊಯ್ದ ರಾತ್ರಿ ಶಿಷ್ಯ ಪೇತ್ರ ಬೆಂಕಿ ಕಾಯಿಸಿಕೊಳ್ಳುತ್ತ, ಆತನನ್ನು ನಾನರಿಯೆ ಎಂದು ಮೂರು ಸಲ ಅಂದದ್ದು, ಕೋಳಿ ಕೂಗಿದ್ದು, ಅವನು ಹೊರಗೆ ಹೋಗಿ ಅತ್ತದ್ದು. ಮೇಷ್ಟ್ರಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ, ಬಸ್ಸು ಓಡುತ್ತಿತ್ತು. ಕೂತಲ್ಲೇ ಅತ್ತರು. ಟವೆಲ್ ಒದ್ದೆಯಾಗುವಷ್ಟು ಅತ್ತರು.

ಕಂಡಕ್ಟರ್ ಗಾಬರಿಯಾದ. "ಯಜಮಾನ್ರೇ, ಕೋಳಿಗೆ ಅರ್ಧ ಟಿಕೆಟ್ ಅಷ್ಟೇ ಕಣ್ರೀ. ಅದಕ್ಯಾಕ್ ಅಳ್ತೀರ?"

ಹೇಂಟೆಯಾಗಿದ್ದರೆ ಫ್ರೀ ಇರುತ್ತಿತ್ತು ಎಂದು ಹಾಗಲವಾಡಿಯ ಹೆಂಗಸು ಸಮಾಧಾನ ಹೇಳಿದಳು.

ಮೇಷ್ಟ್ರು ಮೂಗು ಒರೆಸಿಕೊಂಡು, "ನಂದೇ ಕಣಪ್ಪ. ಟಿಕೆಟ್ ಕೊಡು," ಎಂದರು.

ಗುಬ್ಬಿಯಲ್ಲಿ ಕೋಳಿ ಅಂಗಡಿಯ ಬಾಗಿಲು ತೆರೆದಿತ್ತು. ಮೇಷ್ಟ್ರು ಅದರ ಮುಂದೆಯೇ ನಡೆದುಹೋದರು. ಚರ್ಚಿನಲ್ಲಿ ಕುಂಬಳಕಾಯಿ, ಬಾಳೆಗೊನೆ, ರಾಗಿ ತೆನೆಗಳ ನಡುವೆ ಚೀಲ ಇಟ್ಟರು. ಕಾಣಿಕೆಗಳನ್ನು ಹರಾಜು ಹಾಕುವ ಮುಂಚೆ, ದೇವರ ಯಾವ ಉಪಕಾರಕ್ಕಾಗಿ ಕೊಟ್ಟದ್ದೆಂದು ಹೇಳುವುದು ಅಲ್ಲಿಯ ವಾಡಿಕೆ. ಏನೆಂದು ಹೇಳಲಿ ಎಂದು ಪಾದ್ರಿಯವರು ಮೆಲ್ಲಗೆ ಕೇಳಿದರು.

"ಕೃಪಾವತಿ ಕೊಟ್ಟಿದ್ದು ಅನ್ನಿ. ಉಪಕಾರ ಆಮೇಲೆ ಗೊತ್ತಾಗುತ್ತೆ," ಎಂದರು ಮೇಷ್ಟ್ರು.

ಪ್ರಾರ್ಥನೆ ಶುರುವಾಯಿತು. ಮೇಷ್ಟ್ರು ಕಣ್ಣು ಮುಚ್ಚಿದರು.